ಕಾಲಿಗೆ ಕಟ್ಟಿಕೊಂಡ ಬಾಳೆನಾರು

ಬೆಂಗಳೂರಂಥ ಊರಲ್ಲಿ ಮನೆ ಇಲ್ಲದ ಮಕ್ಕಳು ಹೇಗೆ ಬದುಕ್ತಾರೆ, ಅವರ ಮಧ್ಯೆ ನಿಜವಾದ ಫ್ರೆಂಡ್‌ಶಿಪ್ ಇರುತ್ತಾ ಅಂತ ಕೇಳಿದೀರಿ. ಇರುತ್ತೆ. ನಾನೇ ಏಳು ತಿಂಗಳು ಹಾಗೆ ಇದ್ದವನು.

ನಮ್ದು ತೀರ್ಥಹಳ್ಳಿ ಕಡೆ. 2003ರಲ್ಲಿ ನಂಗೆ 11 ವರ್ಷ, ಅಪ್ಪ ಕುಡಿದು ಬಂದು ಹೊಡಿಯೋದು ದಿನಾ ಇದ್ದದ್ದೇ, ಒಂದಿನ ಅಡಿಕೆ ದಬ್ಬೆ ಹಿಡ್ಕೊಂಡು ಅಟ್ಟಿಸ್ಕೊಂಡು ಬಂದ, ನಾನು ಓಡಿದವ್ನು ಶಿವಮೊಗ್ಗ ಸೇರಿ ಟಿಕೆಟ್ ಇಲ್ದೆ ರಾತ್ರಿ ಟ್ರೈನ್ ಹತ್ತಿದೆ, ಬೆಳಗಾಗೋವಾಗ ಬೆಂಗಳೂರು ಸಿಟಿ ಸ್ಟೇಷನ್. ಈಗ ಸಂಗೊಳ್ಳಿ ರಾಯಣ್ಣ ಸ್ಟೇಷನ್ ಅಂತಾರಲ್ಲ, ಅದೇ.

ಅಲ್ಲಿ ಸಿಕ್ಕಿದ್ದು ರಾಯಚೂರು ಕಡೆ ಹುಡುಗ, ನಂಗಿಂತ ಒಂದೆರಡು ವರ್ಷ ದೊಡ್ಡವನು. ನಾನು ಮಾತಿಗೊಂದು ಸಲ "ಎಂತ" ಅಂದ್ರೆ ಅವನಿಗೆ ನಗು, ಕೊನೆಗೆ ನನ್ನ ಹೆಸರೇ ಎಂತ ಆಯ್ತು. ಬೋಗಿಗಳಲ್ಲಿ ಬಿದ್ದ ಖಾಲಿ ನೀರಿನ ಬಾಟ್ಲಿ ಆರಿಸಿ ಗುಜರಿಗೆ ಹಾಕೋದು ನಮ್ಮ ಕೆಲಸ. ಬಂದ ಕಾಸು ಇಟ್ಕೊಂಡು ಮಲಗೋ ಹಾಗಿಲ್ಲ, ಬೆಳಗಾಗೋದ್ರೊಳಗೆ ದೊಡ್ಡ ಹುಡುಗ್ರು ಬ್ಲೇಡ್ ತೋರ್ಸಿ ಕಿತ್ಕೊಳೋರು. ಅದಕ್ಕೇ ಇದ್ದವನು ಇಲ್ಲದವನಿಗೂ ತಿನ್ನಿಸಿ ಅವತ್ತೇ ಮುಗಿಸೋದು, ನಾಳೆ ಅವನ ಸರದಿ. "ಹೊಟ್ಟ್ಯಾಗ ಇಟ್ಟಿದ್ದ ಯಾರ್ ಕಸಗೋತಾರಲೇ" ಅನ್ನೋನು ಅವ್ನು. ಬೀದಿ ಹುಡುಗ್ರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ ಅಂತ ಯಾರಾದ್ರೂ ಅಂದ್ರೆ ನಂಗೆ ಈಗ್ಲೂ ಸಿಟ್ಟು ಬರುತ್ತೆ.

ರಾತ್ರಿನೇ ದೊಡ್ಡ ಭಯ. ಕೆ.ಆರ್. ಮಾರ್ಕೆಟಲ್ಲಿ ಹೂ ಕಟ್ಟೋರು ಬಿಸಾಕಿದ ಬಾಳೆನಾರು ತಂದು ನೆನೆಸಿ ನಾನೇ ಹೊಸೀತಿದ್ದೆ, ತೋಟದ ಮನೆಯವರಿಗೆ ಅದು ಹೇಳಿಕೊಡಬೇಕಾ. ಒಂದು ತುದಿ ನನ್ನ ಕಾಲಿನ ಹೆಬ್ಬೆರಳಿಗೆ, ಇನ್ನೊಂದು ಅವನ ಹೆಬ್ಬೆರಳಿಗೆ. ಒಬ್ಬನ್ನ ಯಾರಾದ್ರೂ ಎಳೆದ್ರೆ ಇನ್ನೊಬ್ಬನಿಗೆ ಎಚ್ಚರ ಆಗ್ಬೇಕು. ಒಣಗಿದ್ರೆ ತುಂಡಾಗುತ್ತೆ ಅಂತ ಮಲಗೋ ಮುಂಚೆ ನಲ್ಲಿ ಹತ್ರ ಹೋಗಿ ಒದ್ದೆ ಮಾಡ್ಕೊಂಡು ಬರ್ತಿದ್ವಿ. ಎರಡು ಸಲ ಆ ನಾರು ನಮ್ಮನ್ನ ಉಳಿಸಿದೆ, ಅದರ ಬಗ್ಗೆ ಇನ್ನು ಹೆಚ್ಚು ಬರೆಯೋಕಾಗಲ್ಲ.

ಪಂಕ್ಚರ್ ಸೊಲ್ಯೂಷನ್ ಮೂಸೋದು ಅಲ್ಲಿ ಮಾಮೂಲು, ಹಸಿವು ಚಳಿ ಎರಡೂ ಗೊತ್ತಾಗಲ್ಲ. ನಾನು ಒಂದಿನ ಬಟ್ಟೆಗೆ ಹಾಕಿ ಎಳೆದಾಗ ಅವ್ನು ಕೆನ್ನೆಗೆ ಬಾರಿಸಿ ಬಟ್ಟೆ ಕಿತ್ತು ಹಳಿ ಮೇಲೆ ಎಸೆದ. ತಾನು ಮಾತ್ರ ಬಿಡಲಿಲ್ಲ.

ಆಮೇಲೆ ಒಂದು ಸಂಸ್ಥೆಯ ಅಣ್ಣ ವಾರಗಟ್ಲೆ ಬಂದು ಮಾತಾಡಿಸಿ ಇಬ್ರನ್ನೂ ಕರ್ಕೊಂಡು ಹೋದ್ರು. ಊಟ, ಹಾಸಿಗೆ ಎಲ್ಲ ಸಿಕ್ತು. ಆದ್ರೆ ನನ್ನ ಶಿವಮೊಗ್ಗಕ್ಕೆ, ಅವನನ್ನ ರಾಯಚೂರಿಗೆ ಕಳಿಸ್ತಾರೆ ಅಂತ ಗೊತ್ತಾದ ರಾತ್ರಿನೇ ಅವ್ನು ಗೋಡೆ ಹಾರಿ ಹೋದ. ಮತ್ತೆ ಸಿಗ್ಲಿಲ್ಲ. ಒಳ್ಳೆ ಜಾಗ ಬಿಟ್ಟು ಈ ಮಕ್ಕಳು ಯಾಕೆ ಓಡ್ತಾರೆ ಅಂತ ಕೇಳೋರು, ಅವರ ಜೊತೆಗಾರನ್ನ ಎಲ್ಲಿಗೆ ಕಳಿಸಿದ್ರು ಅಂತಾನೂ ಕೇಳಬೇಕು.

ಈಗ ಶಿವಮೊಗ್ಗದಲ್ಲಿ ವೈರಿಂಗ್ ಕೆಲಸ ಮಾಡ್ತೀನಿ. ಒಂಟಿ ಮಗು ಕಂಡ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗ್ಲೂ ತಗೋತಾರೆ, ದುಡ್ಡು ಬೀಳಲ್ಲ. ಮಗು ಸಿಕ್ಕ 24 ಗಂಟೆ ಒಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡಬೇಕು ಅಂತ ಕಾನೂನೇ ಇದೆ. ಸಹಾಯವಾಣಿಯವರು ಬರೋವರೆಗೂ ದಯವಿಟ್ಟು ಅಲ್ಲೇ ನಿಲ್ಲಿ, "ನಿನ್ನ ಜೊತೆ ಯಾರಿದಾರೆ" ಅಂತ ಒಂದು ಮಾತು ಕೇಳಿ. ಹೋದ ಮಳೆಗಾಲ ಇಲ್ಲಿನ ಬಸ್ ಸ್ಟ್ಯಾಂಡಲ್ಲಿ ಒಬ್ಬನಿಗೆ ಮಂಡಕ್ಕಿ ತೆಗೆಸಿಕೊಟ್ಟು ಅದನ್ನೇ ಕೇಳಿದೆ. ಅವ್ನು ಏನೂ ಹೇಳ್ಲಿಲ್ಲ, ಪೊಟ್ಟಣದಲ್ಲಿ ಅರ್ಧ ಹಾಗೇ ಮಡಿಸಿ ಇಟ್ಕೊಂಡು ಪ್ಲಾಟ್‌ಫಾರ್ಮಿನ ಆ ತುದಿ ಕಡೆ ನೋಡಿದ. ಅಲ್ಲಿ ಕಂಬದ ಹಿಂದೆ ಇನ್ನೊಬ್ಬ ಕೂತಿದ್ದ.