ಓದುಗರ ಪ್ರಶ್ನೆ: .30-06 ರೈಫಲ್ಲಿನ ಚೇಂಬರ್ ಕೊರೆಸಬಹುದೇ?

ಪ್ರಶ್ನೆ: ತಂದೆಯವರ .30-06 ಬೋಲ್ಟ್ ರೈಫಲ್ ಲೈಸೆನ್ಸ್ ಸಮೇತ ನನ್ನ ಹೆಸರಿಗೆ ಬಂದಿದೆ. ನಳಿಗೆ 22 ಇಂಚು. ಬೇಟೆಯ ಮಾತಿಲ್ಲ, ರೇಂಜಿನಲ್ಲಿ 300 ಗಜದ ಗುರಿಗೆ ಹೊಡೆಯುತ್ತೇನೆ, 180 ಗ್ರೇನ್ (ಗುಂಡಿನ ತೂಕ) ತೋಟಾ ಬಳಸುತ್ತೇನೆ. ಚೇಂಬರನ್ನು, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡನ್ನು, .300 ವಿಂಚೆಸ್ಟರ್ ಮ್ಯಾಗ್ನಮ್‌ಗೆ ಕೊರೆಸಿದರೆ ವೇಗ ಹೆಚ್ಚುತ್ತದೆ, ನಳಿಗೆ ಬದಲಿಸುವುದೂ ಬೇಕಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಅದಾಗದಿದ್ದರೆ ಆಕ್ಲಿ ಇಂಪ್ರೂವ್ಡ್ ಮಾಡಿಸು ಅನ್ನುತ್ತಾರೆ. ಯಾವುದು ಮೇಲು?
— ಓದುಗರು, ಬಸವನಗುಡಿ

ಉತ್ತರ: ಎರಡೂ ಬೇಡ. ಗೆಳೆಯರು ಸುಳ್ಳು ಹೇಳಿಲ್ಲ. .30-06ಕ್ಕೂ .300 ಮ್ಯಾಗ್ನಮ್ಮಿಗೂ ಗುಂಡಿನ ವ್ಯಾಸ ಒಂದೇ, .308 ಇಂಚು. ಮ್ಯಾಗ್ನಮ್ಮಿನ ಚೇಂಬರ್ ಎಲ್ಲ ಕಡೆಯೂ ದೊಡ್ಡದಾದ್ದರಿಂದ ರೀಮರ್ (ಕೊರೆಯುವ ಉಪಕರಣ) ಹಾಕಿದರೆ ಹಳೆಯ ಚೇಂಬರಿನ ಗುರುತೂ ಉಳಿಯುವುದಿಲ್ಲ. ಕೊರೆಯುವ ಕೆಲಸ ಅಷ್ಟು ಕಷ್ಟದ್ದಲ್ಲ. ಕಷ್ಟವೆಲ್ಲ ಚೇಂಬರಿನ ಹಿಂದೆ, ಅದನ್ನು ಮುಚ್ಚುವ ಬೋಲ್ಟ್ ಮತ್ತು ತೋಟಾ ಹಿಡಿಯುವ ಮ್ಯಾಗಜಿನ್‌ನಲ್ಲಿದೆ.

.30-06 ತೋಟಾದ ಬುಡ 0.473 ಇಂಚು, ಮ್ಯಾಗ್ನಮ್ಮಿನದು 0.532 ಇಂಚು. ನಿಮ್ಮ ಬೋಲ್ಟಿನ ಮುಖದೊಳಗೆ ಅದು ಕೂರುವುದೇ ಇಲ್ಲ. ಬೋಲ್ಟಿನ ಮುಖವನ್ನು ಲೇತಿನಲ್ಲಿ ಅಗಲ ಮಾಡಬೇಕು, ಖಾಲಿ ತೋಟಾ ಎಳೆಯುವ ಎಕ್ಸ್‌ಟ್ರಾಕ್ಟರ್ ಬದಲಿಸಬೇಕು ಅಥವಾ ಸವೆಸಬೇಕು, ಮ್ಯಾಗಜಿನ್‌ನ ತುಟಿಗಳನ್ನು ಬಿಡಿಸಬೇಕು. ಐದು ಹಿಡಿಯುತ್ತಿದ್ದ ಮ್ಯಾಗಜಿನ್ ಮೂರು ಹಿಡಿದರೆ ಹೆಚ್ಚು. ತುಟಿಯ ಕೋನ ಕೂದಲೆಳೆಯಷ್ಟು ತಪ್ಪಿದರೂ ತೋಟಾದ ಮೂತಿ ಚೇಂಬರಿನ ಅಂಚಿಗೆ ಗುದ್ದಿ ನಿಲ್ಲುತ್ತದೆ. ಇಂಥ ಪರಿವರ್ತನೆಯಲ್ಲಿ ಜನ ಮೊದಲು ದೂರುವುದು ಇದನ್ನೇ.

ಮುಖ್ಯ ವಿಷಯ ಒತ್ತಡ. .30-06ಕ್ಕೆ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡ್, ಮ್ಯಾಗ್ನಮ್‌ಗೆ 64,000. ನೋಡಲು ವ್ಯತ್ಯಾಸ ಅಲ್ಪ. ಆದರೆ ಆ ಒತ್ತಡ ಈಗ ಹೆಚ್ಚು ಅಗಲದ ಬುಡದ ಮೇಲೆ ಬೀಳುತ್ತದೆ. ಬುಡದ ವಿಸ್ತೀರ್ಣ ಹಿಡಿದು ಲೆಕ್ಕ ಹಾಕಿದರೆ ಬೋಲ್ಟನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 35 ಪ್ರತಿಶತ ಹೆಚ್ಚುತ್ತದೆ. ಅದನ್ನು ತಡೆಯುವುದು ಬೀಗದಂತೆ ಕೂರುವ ಬೋಲ್ಟಿನ ಚಾಚುಗಳಾದ ಲಗ್‌ಗಳು ಮಾತ್ರ. ಬೋಲ್ಟಿನ ಮುಖ ಅಗಲಿಸುವಾಗ ಅದರ ಸುತ್ತಿನ ಗೋಡೆಯನ್ನೂ ತೆಳುವಾಗಿಸಿರುತ್ತೀರಿ. ನಳಿಗೆಯ ಬುಡದಲ್ಲಿ ಚೇಂಬರಿನ ಸುತ್ತ ಇದ್ದ ಉಕ್ಕೂ ಅಷ್ಟು ಕಡಿಮೆಯಾಗಿರುತ್ತದೆ. ಆ ರೈಫಲ್ಲಿನ ಮೇಲಿರುವ ಪ್ರೂಫ್ ಗುರುತು ಹಳೆಯ ಚೇಂಬರಿನ ಪರೀಕ್ಷೆಯದು. ಹೊಸದಕ್ಕೆ ಅದು ಸಲ್ಲುವುದಿಲ್ಲ.

ಇಷ್ಟಕ್ಕೆ ಸಿಗುವ ಲಾಭವೇನು? 180 ಗ್ರೇನ್ ಗುಂಡು .30-06ರಲ್ಲಿ ಸೆಕೆಂಡಿಗೆ ಸುಮಾರು 2,700 ಅಡಿ, ಮ್ಯಾಗ್ನಮ್ಮಿನಲ್ಲಿ 2,960 ಅಡಿ. ಇವು 24 ಇಂಚಿನ ನಳಿಗೆಯ ಅಂಕಿಗಳು. ಮ್ಯಾಗ್ನಮ್ಮಿನ ಮದ್ದು ನಿಧಾನವಾಗಿ ಉರಿಯುವಂಥದ್ದು, ಉದ್ದದ ನಳಿಗೆ ಬೇಡುತ್ತದೆ. 22 ಇಂಚಿನಲ್ಲಿ ಅದೇ ಹೆಚ್ಚು ಕಳೆದುಕೊಳ್ಳುತ್ತದೆ. ನಿಮಗೆ ದಕ್ಕುವುದು 200 ಅಡಿ ಎಂದಿಟ್ಟುಕೊಳ್ಳಿ. 200 ಗಜಕ್ಕೆ ಸರಿಹೊಂದಿಸಿದ ರೈಫಲ್ 300 ಗಜದಲ್ಲಿ ಎಂಟೊಂಬತ್ತು ಇಂಚು ಕೆಳಗೆ ಹೊಡೆಯುತ್ತಿದ್ದರೆ ಮ್ಯಾಗ್ನಮ್ ಏಳು ಇಂಚು ಕೆಳಗೆ ಹೊಡೆಯುತ್ತದೆ. ದೂರ ಗೊತ್ತಿರುವ ರೇಂಜಿನಲ್ಲಿ ಈ ಅಂತರ ಸ್ಕೋಪಿನ ಎರಡು ಮೂರು ಕ್ಲಿಕ್. ಗಾಳಿಗೆ ಸ್ವಲ್ಪ ಅನುಕೂಲವಾಗುವುದು ನಿಜ. ಆದರೆ ಅದೇ ತೂಕದ ರೈಫಲ್ಲಿನಲ್ಲಿ ಭುಜಕ್ಕೆ ಬೀಳುವ ಹಿಮ್ಮುಖ ಒದೆತ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ. ಹತ್ತನೇ ಈಡಿನ ಹೊತ್ತಿಗೆ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವ ಅಭ್ಯಾಸ ಅಂಟಿಕೊಂಡರೆ, ವೇಗದಿಂದ ಗಳಿಸಿದ್ದು ಅಲ್ಲೇ ಹೋಯಿತು. ಅಷ್ಟೇ ಅಗಲದ ತೂತಿನಲ್ಲಿ ಹೆಚ್ಚು ಮದ್ದು ಉರಿಯುವುದರಿಂದ ನಳಿಗೆಯ ಗಂಟಲೂ (ಚೇಂಬರಿನ ಮುಂದಿನ ಭಾಗ) ಬೇಗ ಸುಟ್ಟು ಸವೆಯುತ್ತದೆ.

ಇನ್ನು ಆಕ್ಲಿ ಇಂಪ್ರೂವ್ಡ್. ಇಲ್ಲಿ ಬೋಲ್ಟ್ ಮುಟ್ಟಬೇಕಿಲ್ಲ. ಚೇಂಬರಿನ ಪಕ್ಕಗಳನ್ನು ನೆಟ್ಟಗೆ ಮಾಡಿ ಅದರ ಭುಜವನ್ನು (ಕತ್ತಿನ ಕೆಳಗಿನ ಇಳಿಜಾರನ್ನು) 40 ಡಿಗ್ರಿಗೆ ಏರಿಸುತ್ತಾರೆ, ಒಳಗೆ ಮದ್ದಿಗೆ ಜಾಗ ಸ್ವಲ್ಪ ಹೆಚ್ಚುತ್ತದೆ. ಲಾಭ ಸೆಕೆಂಡಿಗೆ 50ರಿಂದ 100 ಅಡಿ. ಆ ಲಾಭವೂ ಕೈಯಾರೆ ಮದ್ದು ತುಂಬಿದ ತೋಟಾದಿಂದ ಮಾತ್ರ. ಅಂಗಡಿಯ .30-06 ತೋಟಾ ಅದರಲ್ಲಿ ಹಾರುತ್ತದೆ, ಆದರೆ ವೇಗ ಮೊದಲಿಗಿಂತ ತುಸು ಕಡಿಮೆಯೇ. ತೋಟಾ ತುಂಬುವುದು ಕಾನೂನಿನ ಕಣ್ಣಲ್ಲಿ ತಯಾರಿಕೆ. 1959ರ ಆಯುಧ ಕಾಯ್ದೆಯ 5ನೇ ಕಲಮಿನಡಿ ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಅಂದಮೇಲೆ ಬೆಂಗಳೂರಿನಲ್ಲಿ ಕುಳಿತವರಿಗೆ ಆಕ್ಲಿ ಚೇಂಬರಿನಿಂದ ಏನೂ ಹುಟ್ಟುವುದಿಲ್ಲ. ಅರೆಬರೆ ಮಾಡಿದರೆ ಅಪಾಯವೂ ಇದೆ: ನಳಿಗೆ ಬಿಚ್ಚಿ ಒಂದು ಇಂಚಿನ ಸಾವಿರ ಪಾಲಿನಲ್ಲಿ ನಾಲ್ಕು ಪಾಲಿನಷ್ಟು ಹಿಂದಕ್ಕೆ ಕೂರಿಸದೆ ಬರೀ ರೀಮರ್ ತಿರುಗಿಸಿದರೆ ಬೋಲ್ಟಿಗೂ ಚೇಂಬರಿನ ಭುಜಕ್ಕೂ ನಡುವಿನ ಅಂತರ, ಅಂದರೆ ಹೆಡ್‌ಸ್ಪೇಸ್ ಜಾಸ್ತಿಯಾಗಿ, ತೋಟಾದ ಹಿತ್ತಾಳೆ ಹಿಗ್ಗಿ, ಬುಡದ ಮೇಲ್ಭಾಗದಲ್ಲಿ ಹರಿದು ಎರಡಾಗುತ್ತದೆ. ಬಿಸಿ ಅನಿಲ ಮುಖದ ಕಡೆ ಬರುತ್ತದೆ.

ಲೈಸೆನ್ಸಿನ ಮಾತು ಕೊನೆಗೆ ಬಂದರೂ ನಿರ್ಧಾರ ಅಲ್ಲೇ ಆಗಿಬಿಡುತ್ತದೆ. ನಿಮ್ಮ ಪುಸ್ತಕದಲ್ಲಿ ಬೋರ್ .30-06 ಎಂದಿದೆ, ತೋಟಾ ಕೊಡುವುದೂ ಅದಕ್ಕೇ. ಚೇಂಬರ್ ಕೊರೆಸಿದ ದಿನದಿಂದ .30-06 ತೋಟಾವನ್ನು ಅದರಲ್ಲಿ ಹಾರಿಸುವಂತಿಲ್ಲ, .300 ತೋಟಾವನ್ನು ಕೊಳ್ಳುವಂತಿಲ್ಲ. ಆಯುಧದ ಕೆಲಸವನ್ನು ಅದಕ್ಕೆ ಲೈಸೆನ್ಸ್ ಇರುವವರಷ್ಟೇ ಮಾಡಬೇಕು. 2019ರ ತಿದ್ದುಪಡಿ 6ನೇ ಕಲಮಿಗೆ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವುದನ್ನೂ ಸೇರಿಸಿದೆ. ನಗರದಲ್ಲಿ ಲೈಸೆನ್ಸ್ ಪ್ರಾಧಿಕಾರ ಪೊಲೀಸ್ ಕಮಿಷನರ್; ಅಲ್ಲಿಂದ ಲಿಖಿತ ಒಪ್ಪಿಗೆ ಇಲ್ಲದೆ ಚೇಂಬರಿಗೆ ಯಾರಿಂದಲೂ ರೀಮರ್ ಹಾಕಿಸಬೇಡಿ. “ಸುಮ್ಮನೆ ಮಾಡಿಕೊಡ್ತೀನಿ, ಯಾರಿಗೆ ಗೊತ್ತಾಗುತ್ತೆ” ಅನ್ನುವ ಲೇತ್ ಅಂಗಡಿಯ ಕಡೆಗೆ ತಲೆ ಹಾಕಲೇಬೇಡಿ.

ವೇಗವೇ ಬೇಕಿದ್ದರೆ ಹೀಗೆ ಮಾಡಿ. ಮೊದಲು ರೇಂಜಿನಲ್ಲಿ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಎರವಲು ಪಡೆದು ಹತ್ತು ಈಡು ಅಳೆಯಿರಿ. ಪೆಟ್ಟಿಗೆಯ ಮೇಲಿನ ಅಂಕಿ 24 ಇಂಚಿನದು, ಇಂಚಿಗೆ ಸುಮಾರು 25 ಅಡಿ ಕಳೆದರೆ ನಿಮ್ಮದು 2,650ರ ಆಸುಪಾಸು ಇರಬೇಕು. ಆಮೇಲೆ 150 ಗ್ರೇನ್ ತೋಟಾ ಕೇಳಿ: 24 ಇಂಚಿನಲ್ಲಿ ಸೆಕೆಂಡಿಗೆ 2,910 ಅಡಿ. ಅಂದರೆ ಕೊರೆಸಿ ಗಳಿಸಬೇಕೆಂದಿದ್ದ 200 ಅಡಿ ಅಂಗಡಿಯ ಕೌಂಟರಿನಲ್ಲೇ ಸಿಕ್ಕಿತು. ಹಗುರ ಗುಂಡು ಗಾಳಿಗೆ ಬೇಗ ವೇಗ ಕಳೆದುಕೊಳ್ಳುತ್ತದೆ, ನಿಜ. 300 ಗಜಕ್ಕೆ ಅದು ದೊಡ್ಡ ಕೊರತೆಯಲ್ಲ. ತಂದೆಯವರ ಕಾಲದ ನಳಿಗೆಯಾದ್ದರಿಂದ ತಾಮ್ರ ಕರಗಿಸುವ ದ್ರಾವಣದಲ್ಲಿ, ಬಟ್ಟೆ ತುಂಡಿಗೆ ನೀಲಿ ಹತ್ತುವುದು ನಿಲ್ಲುವ ತನಕ ತೊಳೆಯಿರಿ. ನಳಿಗೆಯ ಬಾಯಂಚಿನಲ್ಲಿ ತಗ್ಗು ಬಿದ್ದಿದೆಯೇ, ಕಟ್ಟಿಗೆಗೆ ಬಿಗಿದ ಸ್ಕ್ರೂ ಸಡಿಲವೇ ನೋಡಿಸಿ. ಗುರಿಯ ಮೇಲೆ ಬಿದ್ದ ಗುಂಡುಗಳ ಗುಂಪು ಚದುರುವುದಕ್ಕೆ ಎಷ್ಟೋ ಸಲ ಕಾರಣ ಇವೇ, ವೇಗವಲ್ಲ.

ಪ್ರಶ್ನೆ: ಇಶಾಪುರದ .315 ರೈಫಲ್ಲನ್ನು .30-06 ಮಾಡಿಸಬಹುದೇ?
— ಓದುಗರು, ಯಲಹಂಕ

ಉತ್ತರ: ಆಗದು. ಕೊರೆಯುವುದೆಂದರೆ ಲೋಹ ತೆಗೆಯುವುದು. ನಿಮ್ಮ ನಳಿಗೆ 8 ಮಿ.ಮೀ.ನದು, .30-06 ಅದಕ್ಕಿಂತ ಚಿಕ್ಕದು. ತೂತನ್ನು ಕಿರಿದು ಮಾಡಲಾಗದು. ಹೊಸ ನಳಿಗೆ ಹಾಕಿದರೂ ಆ ರೈಫಲ್ಲಿನ ಲೀ-ಎನ್‌ಫೀಲ್ಡ್ ಬೋಲ್ಟಿಗೆ ಲಗ್‌ಗಳು ಹಿಂದುಗಡೆ ಇವೆ, 60,000 ಪೌಂಡಿಗೆ ಅದನ್ನು ಕಟ್ಟಿದ್ದಲ್ಲ. ಮ್ಯಾಗಜಿನ್ನೂ ಅಷ್ಟುದ್ದದ ತೋಟಾ ಹಿಡಿಯುವುದಿಲ್ಲ.

ಪ್ರಶ್ನೆ: ಮಡಿಕೇರಿಯ ನಮ್ಮ ಮನೆಯ ಹಳೆಯ .275 ಮೌಸರ್ ಕೋವಿಗೆ ಈಗಿನ ಜೋರಿನ ತೋಟಾ ಹಾಕಬಹುದೇ? ಕೊಡವರಿಗೆ ಲೈಸೆನ್ಸ್ ವಿನಾಯಿತಿ ಇರುವುದರಿಂದ ಚೇಂಬರ್ ಕೆಲಸಕ್ಕೂ ಅಡ್ಡಿಯಿಲ್ಲವಲ್ಲ?
— ಓದುಗರು, ವಿಜಯನಗರ

ಉತ್ತರ: ಆ ವಿನಾಯಿತಿ 2029ರ ವರೆಗೆ ಇದೆ, ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಕೋವಿಯನ್ನು ಮಾರ್ಪಡಿಸುವುದಕ್ಕಲ್ಲ. ತೋಟಾದ ವಿಷಯಕ್ಕೆ ಬಂದರೆ, ಕೈಲ್ ಮುಹೂರ್ತಕ್ಕೆ ಪೂಜೆಗೆ ಇಟ್ಟು ಮತ್ತೆ ಬೀರುವಿಗೆ ಸೇರುವ ಕೋವಿಯನ್ನು ನೇರವಾಗಿ ರೇಂಜಿಗೆ ಒಯ್ಯಬೇಡಿ. ಬೋಲ್ಟ್ ತೆಗೆದು ನೋಡಿ: ಮುಂದೆ ಎರಡು ಲಗ್, ಹಿಂದೆ ಹಿಡಿಕೆಯ ಬಳಿ ಮೂರನೆಯದು ಇದ್ದರೆ 1898ರ ಮಾದರಿ, ಮುಂದಿನ ಎರಡೇ ಇದ್ದರೆ ಅದಕ್ಕೂ ಹಳೆಯದು, ಜೋರಿನ ತೋಟಾ ಬೇಡವೇ ಬೇಡ. 1898ರ ಮಾದರಿಯೇ ಆದರೂ ಲೈಸೆನ್ಸ್ ಇರುವ ಕೆಲಸಗಾರರಿಂದ ಚೇಂಬರಿನ ಅಳತೆ ಪರೀಕ್ಷಿಸುವ ಗೋ ಮತ್ತು ನೋ-ಗೋ ಗೇಜ್ ಹಾಕಿಸಿ. ನೋ-ಗೋ ಗೇಜಿನ ಮೇಲೂ ಬೋಲ್ಟ್ ಮುಚ್ಚಿಕೊಂಡರೆ ಆ ಕೋವಿಯಿಂದ ಈಡು ಹಾರಿಸುವುದನ್ನು ಅವತ್ತಿಗೇ ನಿಲ್ಲಿಸಿ.