ಪಕ್ಕಾ ಮನೆ ಕೊಟ್ಟ ಮೇಲೂ ಕುಟುಂಬಗಳು ಹಳೆಯ ಜಾಗಕ್ಕೇ ಮರಳುವುದೇಕೆ?

ರಾಜಕಾಲುವೆಯ ದಂಡೆಯಲ್ಲಿದ್ದ ಎಂಬತ್ತು ಕುಟುಂಬಗಳಿಗೆ ನಿಮ್ಮ ನಗರದ ಅಂಚಿನಲ್ಲಿ ಮೂರು ಮಹಡಿಯ ಕಟ್ಟಡಗಳಲ್ಲಿ ಮನೆ ಕೊಡಲಾಗಿದೆ, ವರ್ಷ ತುಂಬುವುದರೊಳಗೆ ಮೂರರಲ್ಲಿ ಒಂದು ಮನೆಗೆ ಬೀಗ ಬಿದ್ದಿದೆ, ಉಳಿದವರಿಗೂ ಪಕ್ಕದ ಬಡಾವಣೆಯವರಿಗೂ ಮಾತುಕತೆಯಿಲ್ಲ ಎಂದು ಬರೆದಿದ್ದೀರಿ. ಇಷ್ಟೆಲ್ಲ ಕೊಟ್ಟ ಮೇಲೂ ಹೀಗೇಕೆ, ಸ್ವಯಂಸೇವಕರಾದ ನಾವು ಏನು ಮಾಡಬಹುದು ಎಂಬುದು ನಿಮ್ಮ ಪ್ರಶ್ನೆ. ಬೆಂಗಳೂರಿನಲ್ಲಿ ಇಂಥದೇ ಒಂದು ಸ್ಥಳಾಂತರಕ್ಕೆ ಮೊದಲು ಎರಡು ವರ್ಷ, ನಂತರ ನಾಲ್ಕು ವರ್ಷ ಆ ಕುಟುಂಬಗಳ ಜೊತೆ ಓಡಾಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಬೀಗ ಹಾಕಿ ಹೋದವರಿಗೆ ಮನೆ ಬೇಡವಾಗಿದೆ ಎಂದು ದಯವಿಟ್ಟು ತಿಳಿಯಬೇಡಿ. ಮಳೆಗಾಲದ ರಾತ್ರಿಗಳಲ್ಲಿ ಕಾಲುವೆಯ ನೀರು ಒಳಗೆ ನುಗ್ಗಿದಾಗ ಮಕ್ಕಳನ್ನು ಮಂಚದ ಮೇಲೆ ಕೂರಿಸಿ ಬೆಳಗು ಮಾಡಿದವರಿಗೆ ಸಿಮೆಂಟಿನ ನೆಲದ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಹಿಂತಿರುಗುವುದು ಕೂಲಿಗಾಗಿ. ನಗರದ ನಡುವೆ ಗುಡಿಸಲು ಹಾಕಿಕೊಂಡವರು ಆ ಜಾಗವನ್ನು ಆರಿಸಿಕೊಂಡದ್ದೇ ಕೆಲಸಕ್ಕೆ ನಡೆದು ಹೋಗಬಹುದು ಎಂಬ ಕಾರಣಕ್ಕೆ. ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳು ಹೂಡಿದ್ದ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಈ ಸಂಬಂಧವನ್ನು ಗುರುತಿಸಿ, ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಹೇಳಿತು. ಆದರೆ ಅದೇ ತೀರ್ಪು ಕಾನೂನುಬದ್ಧವಾಗಿ ತೆರವು ಮಾಡುವುದಕ್ಕೆ ಅಡ್ಡ ಬರಲಿಲ್ಲ ಎಂಬುದನ್ನೂ ಮರೆಯಬಾರದು. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರ ವಸತಿ ಸಮುಚ್ಚಯವನ್ನು ಕೆಡವಿದಾಗ ಎಷ್ಟೋ ಕುಟುಂಬಗಳು ಅಲ್ಲಿನ ರಸ್ತೆ ಬದಿಯಲ್ಲೇ ತಾಡಪಾಲು ಕಟ್ಟಿಕೊಂಡು ಉಳಿದದ್ದಕ್ಕೂ ಇದೇ ಮುಖ್ಯ ಕಾರಣ: ಪಾತ್ರೆ ತೊಳೆಯುವ, ಅಡುಗೆ ಮಾಡುವ ಮನೆಗಳಿದ್ದದ್ದು ಪಕ್ಕದ ಕೋರಮಂಗಲದಲ್ಲಿ.

ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ವಿಷಯ ಅರ್ಥವಾಗುವುದಿಲ್ಲ. ನಾನು ಬಲ್ಲ ಹೆಣ್ಣುಮಗಳೊಬ್ಬರು ಮೊದಲು ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗುಡಿಸಲಿಗೆ ಬಂದು ಮಗುವಿಗೆ ಹಾಲು ಕುಡಿಸಿ ಹೋಗುತ್ತಿದ್ದರು. ಹೊಸ ಮನೆಗೆ ಬಂದ ಮೇಲೆ ಎರಡು ಬಸ್ಸು ಬದಲಿಸಿ ಏಳು ಗಂಟೆಯ ಮನೆಗೆ ಎಂಟಕ್ಕೆ ತಲುಪುವಂತಾಗಿ, ಮೂರು ತಿಂಗಳಲ್ಲಿ ಎರಡು ಮನೆಗಳ ಕೆಲಸ ಕೈಬಿಟ್ಟಿತು. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ದರವಿಲ್ಲ, ಅದು ಇಂಥವರಿಗೆ ನಿಜವಾದ ಆಸರೆ. ಆದರೆ ಬೆಳಿಗ್ಗೆ ಆರಕ್ಕಿಂತ ಮೊದಲು ಬಸ್ಸೇ ಇಲ್ಲದ ಕಡೆ ಆ ಸೌಲಭ್ಯ ಅವರ ಕೈಗೆ ಸಿಗುವುದಿಲ್ಲ.

ಎರಡನೆಯ ಕಾರಣದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಅದು ಯಾವ ವರದಿಯಲ್ಲೂ ಕಾಣಿಸುವುದಿಲ್ಲ. ನಾನು ಕಂಡ ಸ್ಥಳಾಂತರದಲ್ಲಿ ಮನೆಗಳನ್ನು ಚೀಟಿ ಎತ್ತಿ ಹಂಚಿದರು. ಪಕ್ಷಪಾತದ ದೂರು ಬಾರದಿರಲಿ ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಆದರೆ ಹಳೆಯ ಓಣಿಯಲ್ಲಿ ಎದುರುಬದುರು ಬಾಗಿಲಿನ ಇಬ್ಬರಲ್ಲಿ ಒಬ್ಬರಿಗೆ ಮೊದಲ ಕಟ್ಟಡದ ಮೂರನೇ ಮಹಡಿ ಬಂತು, ಇನ್ನೊಬ್ಬರಿಗೆ ಆರನೇ ಕಟ್ಟಡದ ನೆಲಮಹಡಿ. ಅವರಲ್ಲೊಬ್ಬರು ಕೆಲಸಕ್ಕೆ ಹೋದಾಗ ಇನ್ನೊಬ್ಬರು ಎರಡೂ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು, ಸಂಜೆ ಒಂದೇ ಒಲೆಯ ಮೇಲೆ ಇಬ್ಬರ ಸಾರು ಕುದಿಯುತ್ತಿತ್ತು. ಓಣಿಯ ಹನ್ನೆರಡು ಹೆಂಗಸರು ಸೇರಿ ನಡೆಸುತ್ತಿದ್ದ ಚೀಟಿ ವ್ಯವಹಾರ ಎರಡೇ ತಿಂಗಳಲ್ಲಿ ನಿಂತುಹೋಯಿತು. ಹಣ ಕಟ್ಟದವರ ಬಾಗಿಲು ತಟ್ಟಲು ಯಾರು ಎಲ್ಲಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಕೈಸಾಲ ಹುಟ್ಟಲಿಲ್ಲ, ಅಂಗಡಿಯಲ್ಲಿ ಉದ್ದರಿ ಸಿಗಲಿಲ್ಲ, ಬಾಣಂತಿಗೆ ನೀರು ಕಾಯಿಸಿ ಕೊಡುವ ಹಿರಿಯ ಹೆಂಗಸು ಪಕ್ಕದಲ್ಲಿರಲಿಲ್ಲ. ಬಡವರಿಗೆ ನೆರೆಹೊರೆಯೇ ಬ್ಯಾಂಕು, ನೆರೆಹೊರೆಯೇ ಶಿಶುವಿಹಾರ. ಓಣಿಗೊಂದು ಮಹಡಿಯಂತೆ ಗುಂಪಾಗಿ ಮನೆ ಕೊಟ್ಟು, ಚೀಟಿ ಎತ್ತುವುದನ್ನು ಆ ಗುಂಪುಗಳ ನಡುವೆ ಮಾತ್ರ ಇಟ್ಟುಕೊಂಡಿದ್ದರೆ ಸರ್ಕಾರಕ್ಕೆ ಒಂದು ರೂಪಾಯಿಯ ಹೆಚ್ಚುವರಿ ಖರ್ಚೂ ಆಗುತ್ತಿರಲಿಲ್ಲ. ನಿಮ್ಮಲ್ಲಿ ಇನ್ನೂ ಹಂಚಿಕೆಯಾಗದ ಮನೆಗಳಿದ್ದರೆ, ಪರಸ್ಪರ ಒಪ್ಪಿದವರಿಗೆ ಮನೆ ಅದಲುಬದಲು ಮಾಡಿಕೊಳ್ಳಲು ಅವಕಾಶ ಕೇಳಿ ಮೊದಲು ಅರ್ಜಿ ಹಾಕಿ.

ಮಹಡಿಯ ಮನೆಗೆ ಹೊಂದದ ಕಸುಬುಗಳೂ ಇವೆ. ಸೊಪ್ಪು ಮಾರುವವರೊಬ್ಬರಿಗೆ ಎರಡನೇ ಮಹಡಿಯಲ್ಲಿ ಮನೆ ಸಿಕ್ಕಿತು. ತಳ್ಳುಗಾಡಿಯನ್ನು ರಾತ್ರಿ ಕೆಳಗೆ ಬೇವಿನ ಮರಕ್ಕೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಎರಡು ಚಕ್ರಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಮರುವಾರವೇ ಅವರು ಹಳೆಯ ಜಾಗದ ಬಳಿ ಬಾಡಿಗೆಗೆ ಒಂದು ಕೋಣೆ ಹಿಡಿದರು. ಚಿಂದಿ ಆಯುವವರಿಗೆ ಆಯ್ದದ್ದನ್ನು ಹರಡಿ ವಿಂಗಡಿಸಲು ಅಂಗಳ ಬೇಕು, ಕುರಿ ಕೋಳಿ ಸಾಕುವವರಿಗೆ ನೆಲ ಬೇಕು. ಪುಣೆಯ ಯರವಾಡದಲ್ಲಿ ನರ್ಮ್ ಎಂಬ ಕೇಂದ್ರ ಸರ್ಕಾರದ ನಗರ ನವೀಕರಣ ಯೋಜನೆಯ ಕಾಲದಲ್ಲಿ ಕಚ್ಚಾ ಮನೆಗಳನ್ನಷ್ಟೇ ಕೆಡವಿ, ಅದೇ ಓಣಿಯಲ್ಲಿ, ಮನೆಯವರ ಒಪ್ಪಿಗೆ ಪಡೆದು, ಸುಮಾರು 270 ಚದರಡಿಯ ಮನೆಗಳನ್ನು ಕಟ್ಟಿದರು. ಅಲ್ಲಿನ ಮಹಿಳಾ ಗುಂಪುಗಳು ಆರಂಭದಿಂದಲೇ ಜೊತೆಗಿದ್ದವು. ಇದ್ದಲ್ಲೇ ಕಟ್ಟಿಕೊಡಲು ಸಾಧ್ಯವಿರುವ ಕಡೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಚೆನ್ನೈ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, 2000ದಿಂದೀಚೆಗೆ ನಗರದೊಳಗಿನ ಕುಟುಂಬಗಳನ್ನು ದಕ್ಷಿಣದಂಚಿನ ಕಣ್ಣಗಿ ನಗರಕ್ಕೆ ಸಾಗಿಸಿ 15,000ಕ್ಕೂ ಹೆಚ್ಚು ಮನೆಗಳನ್ನು ಒಂದೇ ಕಡೆ ಪೇರಿಸಿತು. ಆ ವಿಳಾಸ ಹೇಳಿದರೆ ಕೆಲಸ ಕೊಡಲು ಹಿಂಜರಿಯುತ್ತಾರೆ ಎಂದು ಅಲ್ಲಿನ ಯುವಕರು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ. ನಿಮ್ಮ ಕುಟುಂಬಗಳ ವಿಷಯದಲ್ಲಿ ಕಾಲುವೆಯ ದಂಡೆಯೇ ಅಪಾಯದ್ದಾಗಿದ್ದರಿಂದ ಸ್ಥಳಾಂತರ ಅನಿವಾರ್ಯವಿತ್ತು ಎಂಬುದನ್ನು ಒಪ್ಪುತ್ತೇನೆ.

ಇನ್ನು ಕಾಗದಪತ್ರಗಳ ಮಾತು. ಟಿ.ಸಿ. ಬಂದಿಲ್ಲವೆಂದು ಮಗುವನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ, ವರ್ಗಾವಣೆ ಪತ್ರದ ವಿಳಂಬ ಪ್ರವೇಶ ನಿರಾಕರಿಸಲು ಕಾರಣವಾಗಕೂಡದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳಿರುವುದನ್ನು ಮುಖ್ಯೋಪಾಧ್ಯಾಯರಿಗೆ ವಿನಯದಿಂದಲೇ ತೋರಿಸಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಾಕು. ಎಂಬತ್ತು ಮನೆಗಳ ಮತ ಈ ವಾರ್ಡಿಗೆ ಬಂದ ದಿನದಿಂದ ಬೀದಿದೀಪದ ದೂರಿಗೆ ಸಿಗುವ ಉತ್ತರದ ಧಾಟಿ ಬದಲಾಗುತ್ತದೆ. ಅಂಗನವಾಡಿ ಇಲ್ಲದಿದ್ದರೆ ಆರು ವರ್ಷದೊಳಗಿನ ಮಕ್ಕಳ ಹೆಸರಿನ ಪಟ್ಟಿ ಮಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಕೊಡಿ. ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ: ಪ್ರಧಾನಮಂತ್ರಿ ಆವಾಸ್ ಯೋಜನೆಯ ಮನೆಯಾದರೆ ಸಾಮಾನ್ಯವಾಗಿ ಮನೆಯೊಡತಿಯ ಹೆಸರಿನಲ್ಲೋ ದಂಪತಿಯ ಜಂಟಿ ಹೆಸರಿನಲ್ಲೋ ಇರಬೇಕು. ಬೀಗ ಹಾಕಿ ಹೋದವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಖಾಲಿ ಮನೆಯ ಮೇಲೆ ದಲ್ಲಾಳಿಗಳ ಕಣ್ಣು ಬೇಗ ಬೀಳುತ್ತದೆ.

ಪಕ್ಕದ ಬಡಾವಣೆಯವರ ಬಗ್ಗೆ ಕೇಳಿದ್ದೀರಿ. ನಮ್ಮಲ್ಲಿ ಸೌಹಾರ್ದ ಸಭೆ ಕರೆದು ಭಾಷಣ ಮಾಡಿಸಿದ್ದರಿಂದ ಏನೂ ಆಗಲಿಲ್ಲ. ಬಂದವರು ಎರಡು ಬದಿ ಕೂತು ಚಹಾ ಕುಡಿದು ಎದ್ದು ಹೋದರು. ಬದಲಾವಣೆ ಬಂದದ್ದು ಸರ್ಕಾರಿ ಶಾಲೆಯ ಮೂಲಕ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ಪೋಷಕರನ್ನು ಆರಿಸುವಾಗ ನಮ್ಮ ಕಟ್ಟಡಗಳ ಇಬ್ಬರು ತಾಯಂದಿರು ಆಯ್ಕೆಯಾದರು. ಅದೇ ವರ್ಷ ಶಾಲೆಯ ಶೌಚಾಲಯಕ್ಕೆ ನೀರಿಲ್ಲದ ಸಮಸ್ಯೆ ಎದ್ದಾಗ, ಗಾರೆ ಕೆಲಸ ಬಲ್ಲ ನಮ್ಮ ಹುಡುಗರು ಭಾನುವಾರ ಸಂಪು ದುರಸ್ತಿ ಮಾಡಿದರು, ಬಡಾವಣೆಯವರು ಸಿಮೆಂಟು ಮತ್ತು ಪೈಪು ತಂದುಕೊಟ್ಟರು. ಅಲ್ಲಿಯವರೆಗೆ ‘ಸ್ಲಂ ಬೋರ್ಡಿನವರು’ ಎನ್ನುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಆ ಹುಡುಗರನ್ನು ಹೆಸರು ಹಿಡಿದು ಕರೆಯಲು ಶುರುಮಾಡಿದರು. ಎರಡೂ ಕಡೆಯವರಿಗೆ ಬೇಕಾದ ಒಂದು ಕೆಲಸ ನಿಮ್ಮಲ್ಲೂ ಇದ್ದೇ ಇರುತ್ತದೆ, ಅದನ್ನು ಹುಡುಕಿ.

ಈ ತಿಂಗಳು ಒಂದೇ ಕೆಲಸ ಮಾಡಲು ಸಾಧ್ಯವಿದ್ದರೆ ಬಸ್ಸಿನ ಕೆಲಸ ಹಿಡಿಯಿರಿ. ‘ಬಸ್ ಸೌಕರ್ಯ ಕಲ್ಪಿಸಬೇಕು’ ಎಂಬ ಒಂದು ಸಾಲಿನ ಮನವಿಯನ್ನು ನಾವು ಮೂರು ಸಲ ಕೊಟ್ಟು ಸೋತಿದ್ದೆವು. ನಾಲ್ಕನೆಯ ಸಲ ನಲವತ್ತೊಂದು ಮಹಿಳೆಯರ ಹೆಸರು, ಕೆಲಸಕ್ಕೆ ತಲುಪಬೇಕಾದ ಸ್ಥಳ, ತಲುಪಬೇಕಾದ ಗಂಟೆ ಇಷ್ಟನ್ನೂ ಪಟ್ಟಿ ಮಾಡಿ, ಅವರಲ್ಲಿ ಆರು ಮಂದಿಯನ್ನು ಜೊತೆಗೆ ಕರೆದುಕೊಂಡು ಡಿಪೋಗೆ ಹೋದೆವು. ಪಟ್ಟಿಯನ್ನು ಅಧಿಕಾರಿ ಬೆರಳಿಟ್ಟು ಪೂರ್ತಿ ಓದಿದರು. ಐದು ವಾರಗಳ ನಂತರ ಬೆಳಿಗ್ಗೆ ಐದೂವರೆಗೆ ನಮ್ಮ ಕಟ್ಟಡಗಳ ಮುಂದೆ ಬಸ್ಸು ಬಂದು ನಿಂತಿತು, ಮತ್ತು ಆ ವರ್ಷ ಒಂಬತ್ತು ಮನೆಗಳ ಬೀಗ ತೆರೆಯಿತು.