ಹಳೆಯ ಕೂಲ್‌ಪಿಕ್ಸ್ ಹಿಡಿದು ಬಾದಾಮಿ–ಹಂಪಿಗೆ

ಪ್ರಶ್ನೆ: ಅಟ್ಟದಲ್ಲಿದ್ದ ನಿಕಾನ್ ಕೂಲ್‌ಪಿಕ್ಸ್ 950 ಡಿಜಿಟಲ್ ಕ್ಯಾಮೆರಾ ಕೈಗೆ ಸಿಕ್ಕಿದೆ. ಹೊಸ ಸೆಲ್ ಹಾಕಿದರೂ ಸ್ವಲ್ಪ ಹೊತ್ತಿಗೇ ಆಫ್ ಆಗುತ್ತದೆ. ಕೆಟ್ಟಿದೆಯೇ? – ಓದುಗರು, ದಾವಣಗೆರೆ

ಉತ್ತರ: ಮೊದಲು ಸೆಲ್‌ನ ಬಗೆ ಬದಲಿಸಿ ನೋಡಿ, ರಿಪೇರಿಯ ಮಾತು ಆಮೇಲೆ. 1999ರ ಈ ಮಾದರಿಗೆ ನಾಲ್ಕು ಎಎ ಸೆಲ್ ಬೇಕು, ಅದರ ಹಸಿವೂ ಜಾಸ್ತಿ. ಅಂಗಡಿಯ ಸಾಮಾನ್ಯ ಆಲ್ಕಲೈನ್ ಸೆಲ್ 1.5 ವೋಲ್ಟ್ ಇದ್ದರೂ, ಪರದೆ, ಜೂಮ್, ಫ್ಲ್ಯಾಶ್ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಒಳಗೆ ಇನ್ನೂ ಶಕ್ತಿ ಇರುವಾಗಲೇ ಕ್ಯಾಮೆರಾ ‘ಮುಗಿಯಿತು’ ಎಂದುಕೊಳ್ಳುತ್ತದೆ. ರೀಚಾರ್ಜ್ ಆಗುವ ನಿಕಲ್-ಮೆಟಲ್ ಹೈಡ್ರೈಡ್ ಸೆಲ್ ಬರೀ 1.2 ವೋಲ್ಟಿನದು, ಆದರೆ ಹೊರೆ ಬಿದ್ದರೂ ಜಗ್ಗುವುದಿಲ್ಲ. 2000 ಎಂಎಎಚ್‌ನ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಮೂರು ಸೆಟ್ ಇಟ್ಟುಕೊಳ್ಳಿ. ಹಳತು, ಹೊಸತು ಬೆರೆಸಬೇಡಿ. ಬಿಸಿಲಲ್ಲಿ ಪರದೆ ಹೇಗೂ ಕಾಣದು; ಅದನ್ನು ಆಫ್ ಮಾಡಿ ವ್ಯೂಫೈಂಡರ್‌ನಲ್ಲೇ (ಕಣ್ಣಿಟ್ಟು ನೋಡುವ ಕಿಂಡಿ) ನೋಡಿದರೆ ಸೆಲ್ ಇನ್ನಷ್ಟು ಬಾಳುತ್ತದೆ.

ಪ್ರಶ್ನೆ: ಕೂಲ್‌ಪಿಕ್ಸ್ 950ರ ಜತೆಗಿದ್ದ ಮೆಮೊರಿ ಕಾರ್ಡ್ 8 ಎಂಬಿ! ದೊಡ್ಡದು ಹಾಕಬಹುದೇ? – ಓದುಗರು, ಗದಗ

ಉತ್ತರ: 128 ಅಥವಾ 256 ಎಂಬಿಯ ಕಾಂಪ್ಯಾಕ್ಟ್ ಫ್ಲ್ಯಾಶ್ (ಈ ಕ್ಯಾಮೆರಾಗೆ ಹೊಂದುವ ಬಗೆಯ) ಕಾರ್ಡ್ ಸಾಕು. ‘ಫೈನ್’ ಗುಣಮಟ್ಟದಲ್ಲಿ 8 ಎಂಬಿಗೆ ಸುಮಾರು ಎಂಟು ಚಿತ್ರ ಹಿಡಿದರೆ, 256ರಲ್ಲಿ ಸುಮಾರು 250. ಫಾರ್ಮ್ಯಾಟ್ ಕ್ಯಾಮೆರಾದಲ್ಲೇ ಮಾಡಿ. ಕ್ಯಾಮೆರಾದ ಕೇಬಲ್ ಹಳೆಯ ಕಂಪ್ಯೂಟರ್‌ಗಳ ಸೀರಿಯಲ್ ಪೋರ್ಟಿನದು, ಅದನ್ನು ಮರೆತು ಯುಎಸ್‌ಬಿ ಕಾರ್ಡ್ ರೀಡರ್ ಕೊಳ್ಳಿ. ಕಾರ್ಡನ್ನು ಓರೆಯಾಗಿ ತುರುಕಬೇಡಿ: ಒಳಗೆ 50 ಸೂಜಿಯಂಥ ಪಿನ್‌ಗಳಿವೆ, ಒಂದು ಬಾಗಿದರೂ ಕಾರ್ಡ್ ಓದದಿರಬಹುದು.

ಪ್ರಶ್ನೆ: ಬಾದಾಮಿ ಗುಹೆಯೊಳಗೆ ಚಿತ್ರ ಅಲುಗುತ್ತವೆ, ಹೊರಗೆ ಆಕಾಶ ಸುಣ್ಣ ಬಳಿದಂತೆ ಬರುತ್ತದೆ. ಉಪಾಯವೇನು? – ಓದುಗರು, ಹಾಸನ

ಉತ್ತರ: ಎರಡಕ್ಕೂ ಮೂಲ ಈ ಕ್ಯಾಮೆರಾದ ಚಿಕ್ಕ ಸೆನ್ಸರ್ (ಬೆಳಕು ಹಿಡಿಯುವ ಚಿಪ್). ಅದಕ್ಕೆ ಬೆಳಕು–ನೆರಳಿನ ದೊಡ್ಡ ಅಂತರ ತಡೆಯದು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದರೆ ಚಿತ್ರದಲ್ಲಿ ಕಾಳಿನಂಥ ಚುಕ್ಕೆ ಎದ್ದು ಕಾಣುತ್ತದೆ. ಹೊರಗೆ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ಅನ್ನು ಮೈನಸ್ 0.3 ಅಥವಾ ಮೈನಸ್ 0.7ಕ್ಕೆ ಇಳಿಸಿ. ಕಪ್ಪಾದ ಭಾಗವನ್ನು ಆಮೇಲೆ ತಕ್ಕಮಟ್ಟಿಗೆ ಎತ್ತಬಹುದು, ಸುಟ್ಟ ಬಿಳುಪು ಮರಳಿ ಬಾರದು. ಬಿಳಿ ಆಕಾಶಕ್ಕೆ ಎದುರಾದ ಗೋಪುರದ ಅಂಚಿಗೆ ನೇರಳೆ ಗೆರೆ ಮೂಡುವುದು ಈ ಲೆನ್ಸಿನ ದೋಷ. ಸೂರ್ಯ ನಿಮ್ಮ ಬೆನ್ನ ಹಿಂದಿರುವ ಹೊತ್ತು ಆರಿಸಿ.

ಗುಹೆಯೊಳಗೆ ಫ್ಲ್ಯಾಶ್ ಆಫ್ ಮಾಡಿ: ಎದುರಿನಿಂದ ಬಡಿದ ಬೆಳಕು ಉಬ್ಬುಶಿಲ್ಪವನ್ನು ಚಪ್ಪಟೆ ಮಾಡುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಅದಿಲ್ಲದಿದ್ದರೆ ಕಂಬಕ್ಕೆ ಭುಜ ಒರಗಿಸಿ, ‘ಬೆಸ್ಟ್ ಶಾಟ್ ಸೆಲೆಕ್ಟರ್’ ಹಾಕಿ ಬಟನ್ ಒತ್ತಿ ಹಿಡಿಯಿರಿ. ಕ್ಯಾಮೆರಾ ಹತ್ತು ಚಿತ್ರಗಳವರೆಗೆ ತೆಗೆದು, ಹೆಚ್ಚು ಸ್ಪಷ್ಟವಾದ ಒಂದನ್ನಷ್ಟೇ ಉಳಿಸಿಕೊಳ್ಳುತ್ತದೆ.

ಇನ್ನು ಮೇಲ್ಛಾವಣಿ. ಇಲ್ಲಿ 950 ಇಂದಿನ ಎಷ್ಟೋ ಕ್ಯಾಮೆರಾಗಳಿಗಿಂತ ಮೇಲು. ಅದರ ಮೈ ನಡುವೆ ತಿರುಗುತ್ತದೆ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ಚಿತ್ರಗಳ ಕೆಳಗೆ ಅದನ್ನು ನೆಲದ ಮೇಲೆ ನಿಲ್ಲಿಸಿ, ಲೆನ್ಸಿನ ಭಾಗವನ್ನು ಮೇಲಕ್ಕೆ ತಿರುಗಿಸಿ, ಸೆಲ್ಫ್ ಟೈಮರ್ ಒತ್ತಿ ಬದಿಗೆ ಸರಿಯಿರಿ. ಕತ್ತು ನೋಯದು, ಕೈ ನಡುಕವೂ ತಾಗದು. ನಡೆದಾಡುವವರ ಕಾಲ ಮೇಲೆ ಮಾತ್ರ ಕಣ್ಣಿರಲಿ.

ಪ್ರಶ್ನೆ: ಈ ಕ್ಯಾಮೆರಾದ ಎರಡು ಮೆಗಾಪಿಕ್ಸೆಲ್‌ನಲ್ಲಿ ಎಷ್ಟು ದೊಡ್ಡ ಪ್ರಿಂಟ್? – ಓದುಗರು, ಪುಣೆ

ಉತ್ತರ: 1600×1200 ಪಿಕ್ಸೆಲ್‌ನ ಚಿತ್ರ ಇಂಚಿಗೆ 300 ಚುಕ್ಕೆಯಲ್ಲಿ ಸುಮಾರು 5×4 ಇಂಚು, 200ರಲ್ಲಿ 8×6. ಕತ್ತರಿಸದೆ ಇಡೀ ಚೌಕಟ್ಟು ಬಳಸಿದರೆ ಮಾತ್ರ ಈ ಲೆಕ್ಕ. ಆದ್ದರಿಂದ ಡಿಜಿಟಲ್ ಜೂಮ್ ಮುಟ್ಟದೆ, ಹತ್ತಿರ ಹೋಗಿಯೇ ತೆಗೆಯಿರಿ.